ಮನೆಯವನೆಂಬ ಮಾತು, ಕೈಗೆ ಬಾರದ ನೇಮಕಾತಿ ಪತ್ರ

ಬೆಂಗಳೂರಿನ ಪೀಣ್ಯದ ಯಾವುದಾದರೂ ಸಣ್ಣ ಕಾರ್ಖಾನೆಗೆ ಆಯುಧಪೂಜೆಯ ದಿನ ಹೋಗಿ ನೋಡಿ. ಲೇತ್ ಮಷೀನಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದ ಮೇಲೆ ಮಾಲೀಕರ ಕುಟುಂಬ ಸಾಲಾಗಿ ನಿಲ್ಲುತ್ತದೆ: ದೊಡ್ಡ ಸಾರ್, ಚಿಕ್ಕ ಸಾರ್, ಮೇಡಂ. ಕಾರ್ಮಿಕರು ಒಬ್ಬೊಬ್ಬರಾಗಿ ಬಂದು ಕೈಮುಗಿದು ಪುರಿ, ಸಿಹಿಯ ಡಬ್ಬಿ, ಜತೆಗೊಂದು ಕವರ್ ಇಸಿದುಕೊಳ್ಳುತ್ತಾರೆ. ಕವರಿನಲ್ಲಿರುವುದು ಬೋನಸ್. ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಅರ್ಹ ನೌಕರರಿಗೆ ಶೇ 8.33ರಷ್ಟು ಕನಿಷ್ಠ ಬೋನಸ್ ಕೊಡಲೇಬೇಕೆಂದು 1965ರ ಕಾಯ್ದೆ ಹೇಳಿತ್ತು. ಈಗಿನ ವೇತನ ಸಂಹಿತೆಯೂ ಹೇಳುತ್ತದೆ. ಆದರೂ ಹಕ್ಕಿನ ಹಣ ಹಬ್ಬದ ಉಡುಗೊರೆಯಾಗಿ ಕೈಸೇರುತ್ತದೆ, ಪಡೆದವನು ಋಣಿಯಾಗುತ್ತಾನೆ.

ಕುಟುಂಬದ ಒಡೆತನದ ಕಂಪನಿಗಳ ಮಾತು ಬಂದರೆ ಎಲ್ಲರೂ ಮೊದಲು ದೂರುವುದು ಸ್ವಜನಪಕ್ಷಪಾತವನ್ನು. ಮಗನಿಗೆ ಕುರ್ಚಿ ಸಿಗುತ್ತದೆ ಎಂಬುದು ಕೆಲಸಕ್ಕೆ ಸೇರುವಾಗಲೇ ಗೊತ್ತಿರುವ ಸಂಗತಿ. ನಿಜವಾದ ತೊಡಕು ಬೇರೆ. ಅಲ್ಲಿ ಮನೆಯ ರೀತಿ, ಕಚೇರಿಯ ರೀತಿ ಎರಡೂ ಚಾಲ್ತಿಯಲ್ಲಿರುತ್ತವೆ. ಯಾವಾಗ ಯಾವುದು ಎಂದು ತೀರ್ಮಾನಿಸುವವರು ಮಾತ್ರ ಮಾಲೀಕರು. ಭಾನುವಾರ ಕೆಲಸಕ್ಕೆ ಕರೆಯುವಾಗ ‘ನೀನು ನಮ್ಮ ಮನೆಯವನಲ್ವೇನಪ್ಪಾ’. ಸಂಬಳ ಹೆಚ್ಚಿಸಿ ಎಂದಾಗ ‘ಮಾರ್ಕೆಟ್ ಹೇಗಿದೆ ಅಂತ ನೀನೇ ನೋಡ್ತಿದ್ದೀಯಲ್ಲ’.

ಈ ಮನೆಯವನೆಂಬ ಬಾಂಧವ್ಯ ಬರೀ ನಾಟಕ ಎನ್ನುವುದು ಅನ್ಯಾಯವಾದೀತು. ನಡುರಾತ್ರಿ ಆಸ್ಪತ್ರೆಗೆ ಹಣ ಕಟ್ಟಿದ, ಮಗಳ ಮದುವೆಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟ ಯಜಮಾನರು ಬೇಕಾದಷ್ಟು ಮಂದಿ ಇದ್ದಾರೆ. ದೊಡ್ಡ ಕಂಪನಿಯ ಎಚ್‌ಆರ್ ವಿಭಾಗದಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಆದರೆ ಆ ಸಾಲ ತೀರುವವರೆಗೆ ಬೇರೆ ಕಡೆ ಹೋಗುವ ಮಾತೆತ್ತುವಂತೆಯೂ ಇಲ್ಲ.

ಅಣ್ಣತಮ್ಮಂದಿರ ಸಂಸ್ಥೆಯಾದರೆ ಅಕೌಂಟೆಂಟ್ ಪಾಡು ಇನ್ನೂ ಕಷ್ಟ. ಡೀಲರ್‌ಗೆ ಉದ್ರಿ ಕೊಡು ಎಂದು ಅಣ್ಣ ಹೇಳುತ್ತಾರೆ. ಹಳೇ ಬಾಕಿ ಬರುವ ತನಕ ಮಾಲು ಎತ್ತಬೇಡ ಎಂದು ತಮ್ಮ ಹೇಳುತ್ತಾರೆ. ಎರಡೂ ಫೋನಿನಲ್ಲಿ ಬಂದ ಅಪ್ಪಣೆಗಳು, ಕಾಗದದ ಮೇಲೆ ಏನೂ ಇಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅಣ್ಣತಮ್ಮಂದಿರು ರಾಜಿಯಾಗಬಹುದು. ಅಕೌಂಟೆಂಟ್ ಯಾರ ಕಡೆಯವನು ಎಂಬ ಗುಮಾನಿ ಮಾತ್ರ ಉಳಿಯುತ್ತದೆ. ಆಸ್ತಿ ಪಾಲಾಗುವ ಹೊತ್ತಿಗೆ ಮೊದಲು ಕೆಲಸ ಕಳೆದುಕೊಳ್ಳುವವನೂ ಅವನೇ. ಇನ್ನು ವಿದೇಶದಲ್ಲಿ ಎಂಬಿಎ ಮುಗಿಸಿ ಬಂದ ಮಗನನ್ನು ‘ನಿಮ್ಮ ಕೈಕೆಳಗೆ ಕಲೀಲಿ’ ಎಂದು ಹಳೇ ಮ್ಯಾನೇಜರ್‌ಗೆ ಒಪ್ಪಿಸುತ್ತಾರೆ. ತಿದ್ದಿದರೆ ಮುನಿಸು, ಸುಮ್ಮನಿದ್ದರೆ ನಷ್ಟ.

ದೊಡ್ಡವರಲ್ಲಿ ಕೆಲವರು ದಾರಿ ಕಂಡುಕೊಂಡಿದ್ದಾರೆ. ಡಾಬರ್‌ನ ಬರ್ಮನ್ ಕುಟುಂಬ 1998ರಲ್ಲೇ ದಿನನಿತ್ಯದ ಆಡಳಿತವನ್ನು ವೃತ್ತಿಪರರಿಗೆ ಬಿಟ್ಟುಕೊಟ್ಟಿತು. ಆದರೆ ಷೇರುಪೇಟೆಯ ಅಗ್ರ 500 ಕಂಪನಿಗಳಲ್ಲಿ ಅಧ್ಯಕ್ಷರು ವ್ಯವಸ್ಥಾಪಕ ನಿರ್ದೇಶಕರ ಸಂಬಂಧಿಯಾಗಿರಬಾರದು ಎಂಬ ನಿಯಮವನ್ನು ಸೆಬಿ ಒಮ್ಮೆ ಮುಂದೂಡಿ, ಕೊನೆಗೆ 2022ರ ಫೆಬ್ರುವರಿಯಲ್ಲಿ ಐಚ್ಛಿಕ ಮಾಡಿಬಿಟ್ಟಿತು. ಅಲ್ಲೇ ಹಾಗಾದರೆ ಸಣ್ಣ ಸಂಸ್ಥೆಗಳು ತಾವಾಗಿಯೇ ಬದಲಾಗುತ್ತವೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ನೌಕರನಿಗೆ ಬೇಕಿರುವುದು ಕಾಗದ. ಅಂಗಡಿ, ವಾಣಿಜ್ಯ ಸಂಸ್ಥೆಗಳಲ್ಲಿ ಮೂವತ್ತು ದಿನದೊಳಗೆ ನೇಮಕಾತಿ ಪತ್ರ ಕೊಡಬೇಕೆಂಬ ನಿಯಮ ಕರ್ನಾಟಕದಲ್ಲಿ ಮೊದಲೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ಅದನ್ನು ಕಡ್ಡಾಯ ಮಾಡಿವೆ. ಆದರೂ ಚಿಕ್ಕಪೇಟೆಯ ಅಂಗಡಿಯಲ್ಲಿ ಪತ್ರ ಕೇಳಿದವನಿಗೆ ‘ನಮ್ಮ ಮೇಲೆ ನಂಬಿಕೆ ಇಲ್ವಾ’ ಎಂಬ ಉತ್ತರ ಸಿಗುತ್ತದೆ. ಐದು ವರ್ಷ ದುಡಿದ ಕಾಯಂ ನೌಕರನಿಗೆ ಗ್ರಾಚ್ಯುಟಿ ಹಕ್ಕು ಬರುತ್ತದೆ, ನಿಜ. ದುಡಿದದ್ದಕ್ಕೆ ದಾಖಲೆ ಇಲ್ಲದವನು ಅದನ್ನು ಸಾಬೀತು ಮಾಡಲು ಅಲೆಯಬೇಕಾಗುತ್ತದೆ.

ಮಹಿಳೆಯರ ಸ್ಥಿತಿ ಇನ್ನೂ ಇಕ್ಕಟ್ಟಿನದು. ಎಚ್‌ಆರ್ ನೋಡುವವರು ಮಾಲೀಕರ ಸೊಸೆ, ದೂರು ಮಾಲೀಕರ ಮೇಲೆ ಎಂದಾದರೆ ಯಾರ ಬಾಗಿಲು ತಟ್ಟಬೇಕು? ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ. ದೂರು ಮಾಲೀಕರ ವಿರುದ್ಧವೇ ಇದ್ದರೆ, ಅಥವಾ ಅಲ್ಲಿ ಹತ್ತಕ್ಕಿಂತ ಕಡಿಮೆ ಮಂದಿ ದುಡಿಯುತ್ತಿದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ನೇರವಾಗಿ ಹೋಗಬಹುದು. ಜಿಲ್ಲಾಡಳಿತ ಆ ಸಮಿತಿಯ ವಿಳಾಸ, ಫೋನ್ ನಂಬರನ್ನು ಪ್ರತಿ ಕೈಗಾರಿಕಾ ಪ್ರದೇಶದಲ್ಲೂ ಎದ್ದು ಕಾಣುವಂತೆ ಬರೆಸಲಿ.