ಬಸುರಿಯ ಊಟ ಎಂದಿನಿಂದ?

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಅಡಿಗೆ ಮಾಡಿ ಬಡಿಸುವವಳ ಊಟವನ್ನು ಬಲ್ಲವರು ಎಷ್ಟು ಮಂದಿ? ಎಷ್ಟೋ ಮನೆಗಳಲ್ಲಿ ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯಲ್ಲಿ ಉಳಿದಷ್ಟೇ ಅವಳ ಪಾಲು. ಅವಳು ಬಸುರಿಯಾದಾಗ ಮಾತ್ರ ಮನೆಯವರಿಗೆ ಅವಳ ತಟ್ಟೆಯ ನೆನಪಾಗುತ್ತದೆ. ಏಳನೆಯ ತಿಂಗಳಲ್ಲಿ ಸೀಮಂತ ಮಾಡಿ, ಬಳೆ ತೊಡಿಸಿ, ಬಯಕೆಯ ಊಟ ಬಡಿಸುತ್ತೇವೆ. ಸಂಪ್ರದಾಯವೇನೋ ಸುಂದರವಾದುದೇ; ಆದರೆ ಆ ನೆನಪು ಬಹಳ ತಡವಾಗಿ ಬರುತ್ತದೆಂಬುದು ನನ್ನ ವಾದ.

ಮಗುವಿನ ಮೆದುಳು, ಬೆನ್ನುಹುರಿಗಳಾಗಿ ಬೆಳೆಯುವ ನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೇ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ತಾಯಂದಿರಿಗೆ ತಾವು ಬಸುರಿಯೆಂಬುದೇ ತಿಳಿದಿರುವುದಿಲ್ಲ. ಆದುದರಿಂದಲೇ ಗರ್ಭ ಧರಿಸುವ ಮೊದಲಿನಿಂದಲೂ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬೇಕೆಂದು ವೈದ್ಯರು ಹೇಳುವುದು. ರಕ್ತದ ಮಾತೂ ಹಾಗೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರ ಪೈಕಿ ಶೇಕಡಾ 52 ಮಂದಿಗೆ ರಕ್ತಹೀನತೆಯಿದ್ದುದು ಕಂಡುಬಂದಿತು. ವರ್ಷಗಳ ಕೊರತೆಯನ್ನು ಕೆಲವು ತಿಂಗಳ ಮಾತ್ರೆಗಳಿಂದಲೇ ತುಂಬುವುದು ಸುಲಭವೇ?

ತೂಕದ ವಿಷಯದಲ್ಲಿ ಹಿರಿಯರ ಬುದ್ಧಿವಾದ ಎರಡು ಬಗೆ. “ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತು” ಎಂಬುದೊಂದು. “ಎರಡು ಜೀವದವಳು, ಇಬ್ಬರ ಊಟ ಮಾಡು” ಎಂಬುದಿನ್ನೊಂದು. ಎರಡೂ ಪ್ರೀತಿಯ ಮಾತುಗಳೇ, ಎರಡೂ ಸರಿಯಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಲೆಕ್ಕದಂತೆ, ಎತ್ತರಕ್ಕೆ ತೂಕ ಸಾಲದವಳು ಒಂಬತ್ತು ತಿಂಗಳಲ್ಲಿ 12.5ರಿಂದ 18 ಕಿಲೋ ಹೆಚ್ಚಬೇಕು. ಬೊಜ್ಜಿನ ದೇಹದವಳಿಗೆ 5ರಿಂದ 9 ಕಿಲೋ ಸಾಕು. ಎಂದರೆ ಎಷ್ಟು ಹೆಚ್ಚಬೇಕೆಂಬುದು ಬಸಿರಿಗೆ ಮೊದಲಿನ ತೂಕದ ಮೇಲೆ ನಿಂತಿದೆ. ನಮ್ಮ ದೇಶದ ಆಹಾರ ತಜ್ಞರು ಬಸುರಿಗೆ ದಿನಕ್ಕೆ ಹೆಚ್ಚಾಗಿ ಹೇಳುವುದು ಸುಮಾರು 350 ಕ್ಯಾಲೊರಿ ಮಾತ್ರ. ಒಂದು ಚಿಕ್ಕ ರಾಗಿಮುದ್ದೆ, ಒಂದು ಲೋಟ ಹಾಲು ಇಷ್ಟಕ್ಕೆ ಸಾಕು.

ಬಡವರಿಗೆ ಇದೆಲ್ಲ ಎಲ್ಲಿಂದ ಬರಬೇಕೆಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು ನಮ್ಮ ಸರ್ಕಾರ 2017ರಲ್ಲಿ ತಂದದ್ದು ಇದಕ್ಕಾಗಿಯೇ. ಆದರೆ ಅದು ಆರಂಭವಾಗುವುದೂ ಬಸುರಾದ ಮೇಲೆಯೇ. ಅದಕ್ಕೆ ಮೊದಲಿನ ಹೊಣೆ ಮನೆಯದು. ರಾಗಿ, ಹುರುಳಿ, ನುಗ್ಗೆಸೊಪ್ಪು ನಮ್ಮ ನೆಲದಲ್ಲೇ ಬೆಳೆಯುತ್ತವೆ. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಉಂಡೊಡನೆ ಕಾಫಿ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಇದನ್ನು ಅರಿಯಲು ಹಣ ಬೇಕಿಲ್ಲ.

ಬೆಳಗಿನ ಬಸ್ಸು ತಪ್ಪೀತೆಂದು ಬರಿಹೊಟ್ಟೆಯಲ್ಲಿ ಕಾಲೇಜಿಗೆ ಓಡಿಬರುವ ಸೋದರಿಯರೇ, ತಾಯಿಯಾಗುವುದೂ ಬಿಡುವುದೂ ನಿಮ್ಮ ಇಚ್ಛೆ. ಆದರೆ ದೇಹ ಇಂದಿನಿಂದಲೇ ನಿಮ್ಮದು, ಅದಕ್ಕೆ ಅನ್ನವಿಡಿ. ಸೋದರರೇ, ಇಂದು ರಾತ್ರಿ ತಾಯಿ, ಅಕ್ಕತಂಗಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿರಿ. ಆಗ ಸಾರಿನಲ್ಲಿ ಯಾರ ಪಾಲಿಗೆ ಕಾಳು, ಯಾರ ಪಾಲಿಗೆ ಬರಿಯ ನೀರು ಎಂಬುದು ನಿಮ್ಮ ಕಣ್ಣಿಗೇ ಕಂಡೀತು.