ಕುಟುಂಬ ಕ್ಷೇಮ: ನಾಳೆ ಕೆಲಸ ಉಂಟಾ?

ಜೂನ್ ತಿಂಗಳು ಬಂತೆಂದರೆ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಅನೇಕ ಮನೆಗಳಲ್ಲಿ ಸಂಜೆ ಕೇಳಿಬರುವ ಪ್ರಶ್ನೆ ಇದು. ಗಾರೆ ಕೆಲಸದವರಿಗೂ ಪೈಂಟಿಂಗ್‌ನವರಿಗೂ ಮಳೆ ಬಿಟ್ಟರೆ ಮಾತ್ರ ಕೂಲಿ. ಟ್ರಾಲಿಂಗ್ ಬೋಟುಗಳು ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ವರೆಗೆ 52 ದಿನ ಕಡಲಿಗಿಳಿಯುವಂತಿಲ್ಲ. ಬೀಡಿ ಕಟ್ಟುವವರಿಗೆ ಸಾವಿರದ ಲೆಕ್ಕದಲ್ಲಿ ಹಣ. ಎಲೆ, ಹೊಗೆಸೊಪ್ಪು ಕಡಿಮೆ ಸಿಕ್ಕಿದ ವಾರ ಮಜೂರಿಯೂ ಕಡಿಮೆ. ಅಡಿಕೆಗೆ ಕೊಳೆರೋಗ ಬಂದರೆ ತೋಟದ ಯಜಮಾನರಿಗೂ ಕೂಲಿಯವರಿಗೂ ನಷ್ಟ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಆದರೆ ಹಾಸಿಗೆಯೇ ದಿನಕ್ಕೊಂದು ಅಳತೆಯದ್ದಾದರೆ? ಸಂಬಳ ಚಿಕ್ಕದಾದರೂ ತಿಂಗಳಿಗೆ ಸರಿಯಾಗಿ ಬಂದರೆ ಲೆಕ್ಕ ಹಾಕಬಹುದು. ಎಷ್ಟು, ಯಾವಾಗ ಎಂದೇ ತಿಳಿಯದಿದ್ದಾಗ ನಿದ್ದೆ ಕೆಡುತ್ತದೆ, ಮರೆವು ಬರುತ್ತದೆ, ಸಣ್ಣ ಮಾತಿಗೂ ಸಿಟ್ಟು ಏರುತ್ತದೆ.

ಇದು ಸ್ವಭಾವದ ದೋಷವಲ್ಲ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿನ ಮೊದಲು ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಿನ ನಂತರ ಹಣ ಬಂದಾಗ ಒಮ್ಮೆ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಚನಾಶಕ್ತಿಯ ಪರೀಕ್ಷೆಯಲ್ಲಿ ಅದೇ ರೈತರು ಕಟಾವಿನ ಮೊದಲು ಹಿಂದೆ ಬಿದ್ದರು, ನಂತರ ಚೆನ್ನಾಗಿ ಮಾಡಿದರು. ಮನುಷ್ಯ ಅವನೇ, ಹಣದ ಚಿಂತೆ ತಲೆಯಲ್ಲಿ ಜಾಗ ಹಿಡಿದಿತ್ತು, ಅಷ್ಟೆ.

ಆದ್ದರಿಂದ ದೊಡ್ಡ ತೀರ್ಮಾನಗಳನ್ನು, ಅಂದರೆ ಸಾಲ, ಚಿನ್ನದ ಅಡವು, ಮಕ್ಕಳ ಕಾಲೇಜು, ಮದುವೆಯ ಖರ್ಚು ಇವನ್ನು ಕೈ ಬರಿದಾದ ವಾರದಲ್ಲಿ ಮಾಡಬೇಡಿ. ಸಂಪಾದನೆ ಇರುವ ತಿಂಗಳಲ್ಲಿ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ. ನಮ್ಮ ಹಿರಿಯರು ಆಟಿಯ ಕಷ್ಟ ಬರುತ್ತದೆಂದು ತಿಳಿದೇ ಬೇಸಗೆಯಲ್ಲಿ ಹಲಸಿನ ಬೀಜ ಒಣಗಿಸಿ, ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಇಡುತ್ತಿದ್ದರು. ಹಾಗೆಯೇ ಕೂಲಿ ಸಿಕ್ಕಿದ ದಿನ ಸ್ವಲ್ಪವಾದರೂ 'ಆಟಿಯ ಪಾಲು' ಎಂದು ಬೇರೆ ಇಡಿ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಅಯಲ್‌ಕೂಟಗಳಲ್ಲಿ ವಾರಕ್ಕಿಷ್ಟು ಎಂದು ಉಳಿಸುವ ತಾಯಂದಿರಿಗೆ ಇದರ ಬೆಲೆ ಗೊತ್ತು.

ಉಳಿಸಲು ಏನೂ ಇಲ್ಲದ ಮನೆಗಳೂ ಇವೆ. ಅವರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಅಂಗಡಿಯ ಬಾಕಿಯನ್ನು ಮನೆಯವರಿಂದ ಮುಚ್ಚಿಡುವುದಕ್ಕಿಂತ ಹೇಳಿಕೊಳ್ಳುವುದು ಮೇಲು. ಮಕ್ಕಳಿಗೂ "ಈ ತಿಂಗಳು ಸ್ವಲ್ಪ ಕಷ್ಟ, ನಿನ್ನ ತಪ್ಪಲ್ಲ" ಎಂದು ತಿಳಿಸಿ. ಸಿಟ್ಟು ಕುಡಿತಕ್ಕೋ ಹೊಡೆತಕ್ಕೋ ತಿರುಗಿದರೆ, ಬದುಕೇ ಬೇಡ ಎನಿಸಿದರೆ ತಡಮಾಡದೆ ಸಹಾಯ ಕೇಳಿ. ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲೂ ರಾತ್ರಿಯೂ ಉಚಿತವಾಗಿ ಕರೆ ಮಾಡಬಹುದು.

ವಾಳೆಯ ಗುರ್ಕಾರರಲ್ಲಿ ಒಂದು ವಿನಂತಿ. ಮಳೆಗಾಲದಲ್ಲಿ ಒಂದು ಮನೆಯ ವಂತಿಗೆ ಬಾಕಿಯಾದರೆ, ಕೂಟದಲ್ಲಿ ಹೆಸರು ಓದುವ ಮೊದಲು ಆ ಮನೆಯ ಮೆಟ್ಟಿಲು ಹತ್ತಿ "ಕೆಲಸ ಉಂಟಾ?" ಎಂದು ವಿಚಾರಿಸಿ.