ಅವರ ಮಾತೂ ಕಡತ ಸೇರಲಿ



ಮೂರು ತಿಂಗಳ ಹಿಂದೆ ನಮ್ಮ ಜಿಲ್ಲಾ ಕೇಂದ್ರದಲ್ಲಿ ಆಟಿಸಂ ಕುರಿತು ನಡೆದ ಒಂದು ಸಭೆಗೆ ಹೋಗಿದ್ದೆ. ವೇದಿಕೆಯ ಮೇಲೆ ವೈದ್ಯರು, ಅಧಿಕಾರಿಗಳು, ಸಂಸ್ಥೆಗಳನ್ನು ನಡೆಸುವವರು ಇದ್ದರು, ಕೆಳಗೆ ತಾಯಿತಂದೆಯರು. ಎಲ್ಲರೂ ಮಾತನಾಡಿದರು. ತಾಯಂದಿರ ಮಾತು ಕೇಳುವಾಗ ನನ್ನ ಕಣ್ಣೂ ಒದ್ದೆಯಾಯಿತು. ಕೊನೆಯ ಸಾಲಿನಲ್ಲಿ ಮೂವತ್ತೈದರ ಆಸುಪಾಸಿನ ಒಬ್ಬರು ಎರಡೂ ಕಿವಿ ಮುಚ್ಚಿಕೊಂಡು ಕುಳಿತಿದ್ದರು. ಇವರಿಗೆ ಇದರಲ್ಲಿ ಆಸಕ್ತಿಯಿಲ್ಲ ಎಂದುಕೊಂಡೆ. ಸಭೆ ಮುಗಿದ ಮೇಲೆ ಅವರು ನೇರ ನನ್ನ ಬಳಿಗೆ ಬಂದು, ನಮಸ್ಕಾರವನ್ನೂ ಹೇಳದೆ, ಮಡಚಿದ ಹಾಳೆಯೊಂದನ್ನು ಕೈಗಿತ್ತರು. "ನನಗೂ ಆಟಿಸಂ ಇದೆ. ಹೇಳಬೇಕಾದದ್ದು ಇದರಲ್ಲಿದೆ. ಅಲ್ಲಿ ಯಾರೂ ಕೇಳಲಿಲ್ಲ" ಎಂದು ಹೇಳಿ ಹೊರಟೇಹೋದರು.

ಹಾಳೆಯಲ್ಲಿ ಅಂಕಿ ಹಾಕಿ ಬರೆದ ಆರು ಅಂಶಗಳಿದ್ದವು. ಸಭೆಯಲ್ಲಿ ಏನೇನು ಕೇಳುತ್ತೀರೆಂದು ಎರಡು ದಿನ ಮೊದಲೇ ಬರೆದು ತಿಳಿಸಿ. ಮೈಕಿನಲ್ಲಿ ಹೇಳಲಾಗದವರು ಬರೆದು ಕೊಟ್ಟರೆ ಅದನ್ನೂ ಓದಿ. ಹೀಗೆ ಸಾಗುತ್ತದೆ. ಮೂರನೆಯದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಪ್ರಮಾಣಪತ್ರಕ್ಕಾಗಿ ಹೋದಾಗ, "ನಿನ್ನ ಬಾಲ್ಯದ ಬಗ್ಗೆ ಹೇಳಲು ತಾಯಿತಂದೆಯನ್ನು ಕರೆದುಕೊಂಡು ಬಾ" ಎಂದರಂತೆ. ಅವರ ತಾಯಿತಂದೆ ಇಬ್ಬರೂ ಲಿಂಗೈಕ್ಯರಾಗಿದ್ದಾರೆ.

ಆಟಿಸಂ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮಗು. ಆದರೆ ಅದು ಬಾಲ್ಯದೊಂದಿಗೆ ಮುಗಿಯುವ ಸ್ಥಿತಿಯಲ್ಲ. ಸ್ವಲೀನತೆ ಎಂಬ ಹೆಸರೇ ಕೇಳಿರದ ಕಾಲದಲ್ಲಿ ಹುಟ್ಟಿ, ಒಂಟಿಗ, ಹಟಮಾರಿ, ಅಹಂಕಾರಿ ಎನಿಸಿಕೊಂಡೇ ಬೆಳೆದವರು ಈಗ ನಡುವಯಸ್ಸಿಗೆ ಬಂದಿದ್ದಾರೆ. ನಮ್ಮಲ್ಲಿ ಪ್ರಮಾಣಪತ್ರಕ್ಕೆ ಬಳಸುತ್ತ ಬಂದಿರುವ ಭಾರತೀಯ ಮಾಪನದಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲವೆಂದು ಲೆಕ್ಕ. ಪರೀಕ್ಷಿಸುವವರು ವ್ಯಕ್ತಿಯನ್ನು ಗಮನಿಸುತ್ತಾರೆ, ಮನೆಯವರನ್ನು ವಿಚಾರಿಸುತ್ತಾರೆ. ಮಗುವಿಗೆ ಇದು ಸರಿಯೇ. ಎದುರಿನವರ ಕಣ್ಣು ನೋಡಿ ಮಾತನಾಡುವುದನ್ನು ಮೂವತ್ತು ವರ್ಷ ಕಷ್ಟಪಟ್ಟು ರೂಢಿಸಿಕೊಂಡವರು ಅರ್ಧ ಗಂಟೆ 'ಎಲ್ಲರಂತೆ' ಕಾಣಬಲ್ಲರು. ಮನೆಗೆ ಹೋಗಿ ಎರಡು ದಿನ ಏಳಲಾಗದೆ ಮಲಗುವುದು ಅಂಕಪಟ್ಟಿಗೆ ಕಾಣುವುದಿಲ್ಲ.

ಕಲಿತ ನಡೆ ಒಳಗಿನ ಕಷ್ಟವನ್ನು ಮರೆಮಾಡುತ್ತದೆ ಎಂಬ ಈ ಸಂಗತಿಯನ್ನು ಲೋಕಕ್ಕೆ ಬಿಡಿಸಿ ಹೇಳಿದವರಲ್ಲಿ ಆಟಿಸಂ ಇರುವ ವಯಸ್ಕರೇ ಮುಂದಿದ್ದರು. ಅಮೆರಿಕದಲ್ಲಿ 2006ರಲ್ಲಿ ಇಂಥವರೇ ಸೇರಿ 'ಆಟಿಸ್ಟಿಕ್ ಸೆಲ್ಫ್ ಅಡ್ವೊಕಸಿ ನೆಟ್‌ವರ್ಕ್' ಎಂಬ ಸಂಘ ಕಟ್ಟಿದರು. ಅಲ್ಲಿನ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯನ್ನು, ಅಂದರೆ ನಮ್ಮ ಮನೋವೈದ್ಯರೂ ತೆರೆದು ನೋಡುವ ಡಿಎಸ್‌ಎಂ ಅನ್ನು, ಪರಿಷ್ಕರಿಸಲು ಹೊರಟಾಗ ಈ ಸಂಘದ ಏರಿ ನೀಮನ್, ಸ್ಟೀವನ್ ಕ್ಯಾಪ್ ಸುಮ್ಮನೆ ಕೂರಲಿಲ್ಲ. ಇಬ್ಬರೂ ಆಟಿಸಂ ಇರುವವರು. ಸಂಶೋಧನೆಗಳನ್ನು ಓದಿ, ಯಾವ ವಾಕ್ಯ ಹೇಗೆ ಬದಲಾಗಬೇಕೆಂದು 2012ರಲ್ಲಿ ಶಿಫಾರಸುಗಳನ್ನೇ ಬರೆದರು. ಪರಿಷ್ಕರಣೆಯಲ್ಲಿ ತೊಡಗಿದ್ದ ತಜ್ಞರೊಡನೆ ಚರ್ಚಿಸಿದರು. 2013ರಲ್ಲಿ ಹೊರಬಂದ ಕೈಪಿಡಿಯಲ್ಲಿ, ಲಕ್ಷಣಗಳು ಮುಂದೆ ಕಲಿತ ನಡೆಗಳಿಂದ ಮರೆಯಾಗಿರಬಹುದು ಎಂಬ ಮಾತಿದೆ. ಈಗ ಕಾಣದಿದ್ದರೂ ಹಿಂದೆ ಇದ್ದ ಲಕ್ಷಣವನ್ನು ಪರಿಗಣಿಸಬಹುದು ಎಂದೂ ಇದೆ. ಇದೆಲ್ಲ ಇವರಿಬ್ಬರಿಂದಲೇ ಆಯಿತೆಂದು ನಾನು ಹೇಳುತ್ತಿಲ್ಲ. ತಜ್ಞರ ಮೇಜಿನ ಎದುರು ಅವರೂ ಇದ್ದರು, ಓದಿಕೊಂಡು ಬಂದಿದ್ದರು ಎಂಬುದಷ್ಟೇ ನನಗೆ ಮುಖ್ಯ.

ಇದು ಒಬ್ಬಿಬ್ಬರ ಸಾಹಸವಾಗಿಯೂ ಉಳಿಯಲಿಲ್ಲ. ಅಲ್ಲಿನ ಕೇಂದ್ರ ಸರ್ಕಾರಕ್ಕೆ ಆಟಿಸಂ ಬಗ್ಗೆ ಸಲಹೆ ಕೊಡುವ ಸಮಿತಿಯಲ್ಲಿ ಆಟಿಸಂ ಇರುವವರು ಒಬ್ಬರಾದರೂ ಇರಲೇಬೇಕೆಂದು 2006ರ ಕಾಯ್ದೆ ಹೇಳಿತು. 2014ರಲ್ಲಿ ಅದು ಇಬ್ಬರಾಯಿತು, 2019ರಲ್ಲಿ ಮೂವರು.

ನಮ್ಮ ದೇಶದ ಕಾಯ್ದೆಯನ್ನೂ ತೆಗೆದು ನೋಡಿದೆ. ವಿಕಲಚೇತನರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲೇ ಒಪ್ಪಿಗೆ ಕೊಟ್ಟಿದೆ; ನೀತಿ ರೂಪಿಸುವಾಗ ಅವರನ್ನೇ ಕೇಳಬೇಕೆಂಬುದು ಅದರ ನಾಲ್ಕನೆಯ ವಿಧಿಯಲ್ಲಿದೆ. 2016ರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅದೇ ಕಾಯ್ದೆ ಕೇಂದ್ರ ಸಲಹಾ ಮಂಡಳಿಯಲ್ಲಿ ಸಂಘಸಂಸ್ಥೆಗಳ ಪರವಾಗಿ ಹತ್ತು ಸ್ಥಾನ ಇಟ್ಟು, ಅಲ್ಲಿ 'ಸಾಧ್ಯವಾದ ಮಟ್ಟಿಗೆ' ವಿಕಲಚೇತನರೇ ಇರಲಿ ಎನ್ನುತ್ತದೆ. ರಾಜ್ಯ ಮಂಡಳಿಗೂ ಅದೇ ಮಾತು. 'ಸಾಧ್ಯವಾದ ಮಟ್ಟಿಗೆ' ಎಂಬ ಪದಕ್ಕೆ ಸರ್ಕಾರಿ ಕಡತದಲ್ಲಿ ಏನು ಅರ್ಥವೆಂದು ಕಚೇರಿ ಅಲೆದ ಓದುಗರಿಗೆ ನಾನು ವಿವರಿಸಬೇಕಿಲ್ಲ. ಸಿಕ್ಕ ಸ್ಥಾನದಲ್ಲೂ ಆಟಿಸಂ ಇರುವವರೇ ಇರಬೇಕೆಂಬ ನಿಯಮವಿಲ್ಲ.

ಇನ್ನೂ ಹತ್ತಿರದ್ದು ಜಿಲ್ಲೆಯ ಸಂಗತಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ವಿಕಲಚೇತನರೊಬ್ಬರು ಸೇರಿದ ಸ್ಥಳೀಯ ಸಮಿತಿ ಇರಬೇಕು. ಹದಿನೆಂಟು ದಾಟಿದ ಆಟಿಸಂ ಇರುವವರಿಗೆ ಪೋಷಕರನ್ನು ನೇಮಿಸುವ ಅಧಿಕಾರ ಈ ಮೂವರದು. ಒಬ್ಬ ವಯಸ್ಕನ ಪರವಾಗಿ ನಿರ್ಧರಿಸುವವರು ಯಾರೆಂದು ಇಲ್ಲಿ ತೀರ್ಮಾನವಾಗುತ್ತದೆ. ನಿಮ್ಮ ಜಿಲ್ಲೆಯಲ್ಲಿ ಆ ಮೂರನೆಯ ಕುರ್ಚಿಯಲ್ಲಿ ಯಾರಿದ್ದಾರೆಂದು ವಿಚಾರಿಸಿದ್ದೀರಾ? ನಾನೂ ಈ ಹಾಳೆ ಸಿಗುವವರೆಗೆ ವಿಚಾರಿಸಿರಲಿಲ್ಲ.

ಇಷ್ಟನ್ನು ಪರಿಚಯದ ತಾಯಿಯೊಬ್ಬರಿಗೆ ಹೇಳಿದಾಗ ಅವರು ಸಿಟ್ಟಾದರು. "ಹಾಳೆ ತುಂಬ ಬರೆಯಬಲ್ಲವರ ಮಾತು ಬೇರೆ, ಸ್ವಾಮಿ. ನನ್ನ ಮಗ ಇಪ್ಪತ್ತಾರು ವರ್ಷದವನು, ನೀರು ಬೇಕೆಂದು ಹೇಳಲೂ ಬಾರದು. ನಾನು ಸತ್ತ ಮೇಲೆ ಅವನನ್ನು ಯಾರು ನೋಡುತ್ತಾರೆ ಎಂಬುದು ಅವರಿಗೇನು ಗೊತ್ತು?" ಈ ಪ್ರಶ್ನೆಯನ್ನು ಬದಿಗೆ ತಳ್ಳಲಾರೆ. ಬರೆಯಬಲ್ಲವರೊಬ್ಬರು ಎಲ್ಲರಿಗೂ ಪ್ರತಿನಿಧಿಯಲ್ಲ. ತಾಯಿಯ ಕುರ್ಚಿ ಕಿತ್ತು ಅವರಿಗೆ ಕೊಡಿ ಎಂದೂ ಯಾರೂ ಕೇಳುತ್ತಿಲ್ಲ. ಆದರೆ ಆ ಮಗ ಮಿಕ್ಸಿ ಸದ್ದಿಗೆ ತಲೆ ಚಚ್ಚಿಕೊಳ್ಳುವಾಗ ಅವನ ಮೈಯೊಳಗೆ ಏನಾಗುತ್ತಿರಬಹುದೆಂದು, ಅಂಥದ್ದನ್ನು ತಾವೇ ಅನುಭವಿಸಿ ಮಾತಿನಲ್ಲಿ ಹೇಳಬಲ್ಲವರು ಇದ್ದರೆ ಅವರನ್ನು ಕೇಳುವುದರಲ್ಲಿ ತಾಯಿಗೂ ನೆರವಿದೆ.

ಹೀಗೆ ಹೇಳುವಾಗ ನನಗೆ ನೆನಪಾಗುವವನು ಒಬ್ಬ ಹುಡುಗ. ಬಹಳ ವರ್ಷಗಳ ಹಿಂದೆ ಒಂದು ಪ್ರಸಾದ ನಿಲಯದಲ್ಲಿ ನಾನು ನಿಲಯಪಾಲಕನಾಗಿದ್ದೆ. ಇನ್ನೂರು ಸ್ಟೀಲ್ ತಟ್ಟೆಗಳ ಸದ್ದಿನ ನಡುವೆ ಕೂರಲಾರದೆ ಅವನು ತಟ್ಟೆ ಹಿಡಿದು ಬಾವಿಕಟ್ಟೆಗೆ ಓಡುತ್ತಿದ್ದ. ಪಂಕ್ತಿ ಬಿಟ್ಟು ಏಳುವುದು ಅಶಿಸ್ತು ಎಂದು ಮೂರು ದಿನ ಎಲ್ಲರ ಮುಂದೆ ನಿಲ್ಲಿಸಿದೆ. ನಾಲ್ಕನೆಯ ದಿನ ಊರಿಗೆ ಹೋದವನು ತಿರುಗಿ ಬರಲಿಲ್ಲ. ಅವನಿಗೆ ಆಟಿಸಂ ಇತ್ತೋ ಇಲ್ಲವೋ ನಾನು ಹೇಳಲಾರೆ. ಯಾಕೆ ಓಡುತ್ತೀಯಪ್ಪ ಎಂದು ಒಮ್ಮೆಯೂ ಕೇಳಲಿಲ್ಲ.

ಹಾಳೆಯ ಕೆಳಗೆ ಮೊಬೈಲ್ ಸಂಖ್ಯೆ, ಅದರ ಪಕ್ಕದಲ್ಲಿ "ಕರೆ ಮಾಡಬೇಡಿ, ಸಂದೇಶ ಕಳಿಸಿ" ಎಂದಿತ್ತು. ಇದರ ಪ್ರತಿಯನ್ನು ಜಿಲ್ಲೆಯ ಸಮಿತಿಗೂ ರಾಜ್ಯ ಮಂಡಳಿಗೂ ಕಳಿಸಲೇ ಎಂದು ಕೇಳಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಕಳಿಸಿ. ಐದನೆಯ ಅಂಶದಲ್ಲಿ ಇಸವಿ ತಪ್ಪಾಗಿದೆ, ತಿದ್ದಿ ಕಳಿಸಿ."

ತಿದ್ದಿ ಕಳಿಸಿದ್ದೇನೆ.